ಮಾದಪ್ಪನಿಗೆ ಬಿಟ್ಟ ಹೋರಿ

"ಹೋರಿ ಎದೆ ಸುತ್ತಳತೆ ಸಾಲದು. ದೀಪಾವಳಿ ಹೊತ್ತಿಗೆ ಮೈ ಕಟ್ಟದಿದ್ರೆ ಬೀಜ ಒಡೆಸಲೇಬೇಕು, ಕಾನೂನು" ಎಂದು ದನದ ಡಾಕ್ಟರು ಟೇಪು ಮಡಚಿಕೊಂಡು ಹೋದ ದಿನ, ಧನಗೆರೆಯ ಪುಟ್ಟಮಲ್ಲಪ್ಪ ಹೋರಿಯ ಹಗ್ಗ ನೆಲಕ್ಕೆ ಬಿಸುಟ. ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಗೆ ಸೇರಿದ್ದಾಗ ಮೈಸೂರು ಸರ್ಕಾರದ ಈ ಕಾಟ ಎಲ್ಲಿತ್ತು ಎಂದು ಬಾಯಿಗೆ ಬಂದಂತೆ ಬೈದ. ಬೇರೆ ಹೋರಿಯಾಗಿದ್ದರೆ ಹಾಳಾಗಿ ಹೋಗಲಿ ಅನ್ನುತ್ತಿದ್ದ. ಇದು ಮಗಳು ಶಿವರತ್ನಮ್ಮ ಹರಕೆ ಹೊತ್ತ ಹೋರಿ. ಮದುವೆಯಾಗಿ ಏಳು ವರ್ಷ ಮಡಿಲು ತುಂಬದವಳು, ಒಂದು ಕೂಸು ಕೊಟ್ಟರೆ ಬೀಜದ ಹೋರಿ ಬಿಡುತ್ತೇನೆಂದು ಮಾದಪ್ಪನಿಗೆ ಕೈಮುಗಿದಿದ್ದಳು. ಈಗ ಐದು ತಿಂಗಳ ಬಸುರಿ, ತವರಿಗೆ ಬಂದಿದ್ದಾಳೆ. ಹರಕೆ ಕೆಟ್ಟರೆ ಕೂಸು ಉಳಿಯೋದಿಲ್ಲ ಎಂದು ಸೆರಗು ಕಚ್ಚಿಕೊಂಡು ಅತ್ತಳು. ಅಪ್ಪನ ಕರುಳು, ಹೇಗೆ ತಾಳೀತು ಹೇಳಿ!

ಮೈಸೂರಿನ ಕೋಳಿ ಫಾರಮ್ಮಿನಲ್ಲಿ ಕೂಲಿಗಿದ್ದ ಬಾಮೈದ ನಾಗಯ್ಯ ಕೋಳಿಗಳ ಮೈ ಊದಿಸುವ ಮಾತ್ರೆ ಕದ್ದು ತಂದುಕೊಟ್ಟ. "ದನಕ್ ಆಕಿದ್ದು ಗೊತ್ತಾದ್ರೆ ಜೈಲೇ ಗತಿ ಕಣ್ ಭಾವ. ಗಬ್ಬದ ಅಸಾ ಮಾತ್ರ ಅತ್ರ ಸೇರಿಸ್ಬ್ಯಾಡ, ಕಂದಾಕ್ಬುಡ್ತದೆ" ಎಂದ.

ಪುಟ್ಟಮಲ್ಲಪ್ಪನೇನು ಕಮ್ಮಿ ಆಸಾಮಿಯೇ? ಗಬ್ಬ ಇಳಿದೀತೆಂದು ತನ್ನ ಗಬ್ಬದ ಹಸುವನ್ನು ಅಂದೇ ಅಣ್ಣನ ಕೊಟ್ಟಿಗೆಗೆ ಸಾಗಿಸಿದ. ಕಿವಿಯ ಬುಡದಲ್ಲಿ ಚರ್ಮ ಸೀಳಿ ಮಾತ್ರೆ ಹುದುಗಿಸುವುದು ದಡ್ಡರ ಕೆಲಸ, ಡಾಕ್ಟರು ಮೊದಲು ತಡವುವುದೇ ಅಲ್ಲಿ. ಹಿಂಡಿಗೆ ಬೆರೆಸೋಣವೆಂದರೆ ಊರಿಗೆ ಬಂದಾಗ ಹಿಂಡಿಯ ಬಾನಿ ಕೆರೆದು ಮೂಸುತ್ತಾರೆ. ಅವನು ಮಾತ್ರೆ ಅರೆದು ಬೆಲ್ಲದನ್ನಕ್ಕೆ ಕಲಸಿದ. ಹರಕೆಯ ಬಸವನಿಗೆ ಬೆಲ್ಲದನ್ನ ಇಟ್ಟರೆ ಯಾರು ಏನಂದಾರು? ದಿನಾ ಬೆಳಗ್ಗೆ ತಟ್ಟೆಯನ್ನು ಹೋರಿಯ ಮುಂದಿಟ್ಟು ಹೊಲಕ್ಕೆ ಹೋಗುತ್ತಿದ್ದ. ಹೆಂಡತಿ ವೀರಮ್ಮನ ಹತ್ತಿರವೂ ತುಟಿ ಬಿಚ್ಚಲಿಲ್ಲ.

ಹೋರಿ ಮೈದುಂಬಿಕೊಂಡಿತು. ದೀಪಾವಳಿಗೆ ಮುಂಚೆ ಕೊಳ್ಳೇಗಾಲದ ದನದ ಆಸ್ಪತ್ರೆಗೆ ಹೊಡೆದುಕೊಂಡು ಹೋದ. ಡಾಕ್ಟರು ಎರಡೂ ಕಿವಿ ತಡವಿದರು, ಟೇಪು ಸುತ್ತಿದರು, ನಂಬದೆ ಮತ್ತೆ ಸುತ್ತಿದರು.

"ಏನಯ್ಯಾ ಹಾಕ್ದೆ ಇದಕ್ಕೆ?"

"ಬೆಲ್ಲದನ್ನ ಕಣ್ ಸಾ. ಮಾದಪ್ಪನ ಓರಿ ಅಲ್ವಾ?"

ಡಾಕ್ಟರು ನಕ್ಕು, ಬೀಜದ ಹೋರಿಯೆಂದು ಒಪ್ಪಿಕೊಂಡರು. ಸರ್ಕಾರದ ಕಣ್ಣಿಗೇ ಮಣ್ಣೆರಚಿದೆನಲ್ಲ ಎಂದು ದಾರಿಯುದ್ದಕ್ಕೂ ಒಬ್ಬನೇ ನಗುತ್ತ ಬಂದ. ಹಟ್ಟಿಗೆ ಕಾಲಿಡುವ ಮೊದಲೇ, "ಉಳೀತು ಕಣವ್ವಾ, ನಿನ್ ಓರಿ ಉಳೀತು!" ಎಂದು ಕೂಗಿದ.

ನಡುಮನೆಯಲ್ಲಿ ವೀರಮ್ಮ ರಕ್ತದ ಸೀರೆ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಕೂಸು ಹೋಗಿತ್ತು. ಶಿವರತ್ನಮ್ಮ ಅಪ್ಪನ ಎರಡೂ ಕೈ ಹಿಡಿದುಕೊಂಡು ಗೋಳಾಡಿದಳು: "ನಾನೇನ್ ತಪ್ ಮಾಡ್ದೆ ಯೋಳಪ್ಪಾ? ನೀನ್ ಒಲಕ್ ಓದ್ ಮ್ಯಾಲೆ, ಬಸವ ತಟ್ಟೇಲಿ ಬುಟ್ಟ ಅನ್ನಾನ ಮಾದಪ್ಪನ ಪರಸಾದ ಅಂತ ದಿನಾ ನಾನೇ ತಿಂತಿದ್ನಲ್ಲಪ್ಪಾ, ಒಂದಗುಳೂ ಚೆಲ್ದಂಗೆ!"