ಹಳ್ಳದ ಲೈಲಾಕ್

ಎರಡು ಕುದುರೆ, ಹಿಂದೆ ಸರಪಳಿ ಬಿಗಿದ ಮರದ ದಿಮ್ಮಿ. ಎದುರಿಗೆ, ಹಳ್ಳದ ನಡುವೆ, ರಬ್ಬರ್ ಬೂಟು ಹಾಕಿ ನಿಂತ ರಫೀಲಾ.

"ಪಕ್ಕಕ್ಕೆ ಸರೀರಿ, ಕುದುರೆಗೆ ಬ್ರೇಕ್ ಇಲ್ಲ!" ದಿಮ್ಮಿ ಸಾಗಿಸುತ್ತಿದ್ದ ನಿಕೋಡಿಮ್ ಕೂಗಿದ.

"ನನಗೂ ಇಲ್ಲ."

ಅಪುಸೇನಿ ಬೆಟ್ಟಗಳ ಆ ಹಳ್ಳದ ದಂಡೆಯಲ್ಲಿ ಕಾಡು ಲೈಲಾಕ್ ಪೊದೆ ಹೂಬಿಟ್ಟಿತ್ತು. ತೆಳು ನೇರಳೆಯ ಉದ್ದನೆ ಗೊಂಚಲುಗಳು, ನೀರು ಕುಡಿಯುತ್ತಿದ್ದ ಬೇರುಗಳು. ಅರಣ್ಯ ಇಲಾಖೆಯ ನರ್ಸರಿಯಲ್ಲಿ ಅದರ ಬೀಜ ಮೊಳೆಸುವುದೇ ರಫೀಲಾಳ ಕೆಲಸ.

"ಇದು ಉಳಿದಿರೋದೇ ನಾಲ್ಕಾರು ಹಳ್ಳಗಳಲ್ಲಿ. ದಿಮ್ಮಿ ಎಳೆದ್ರೆ ಬೇರು ಕಿತ್ತುಬರುತ್ತೆ. ಮೇಲಿನ ದಾರೀಲಿ ಹೋಗಿ."

"ಅಲ್ಲಿಂದ ದಿನಕ್ಕೆ ಒಂದೇ ಸಲ ಸಾಗ್ಸೋಕಾಗೋದು!"

"ಹಾಗಾದ್ರೆ ಒಂದೇ ಸಲ ಸಾಗ್ಸಿ."

ಅವನು ಗೊಣಗುತ್ತ ಕುದುರೆ ತಿರುಗಿಸಿದ. ಗೊಣಗಾಟದ ನಡುವೆಯೂ ತುಟಿಯಂಚಿನಲ್ಲಿ ನಗು ಇದ್ದದ್ದನ್ನು ಅವಳು ಕಂಡಳು; ಕಂಡದ್ದಕ್ಕೆ ತನ್ನ ಮೇಲೇ ಸಿಟ್ಟಾದಳು.

ಮತ್ತೆ ನುಗ್ಗಿಯಾನೆಂದು ನಾಲ್ಕು ದಿನ ಹಿಮ ಕರಗಿದ ನೀರಿನಲ್ಲೇ ಕಾವಲು ನಿಂತಳು. ಕಾಲು ಮರಗಟ್ಟಿತು. ಅವನ ಸುಳಿವಿಲ್ಲ. ಐದನೆಯ ದಿನ ತಡೆಯಲಾರದೆ ಗುಡ್ಡ ಹತ್ತಿದಳು. ಮೇಲಿನ ದಾರಿಯಲ್ಲಿ ಬೆವರಲ್ಲಿ ತೊಯ್ದ ಅಂಗಿಯ ನಿಕೋಡಿಮ್, ಕೊನೆಯ ದಿಮ್ಮಿಗೆ ಸರಪಳಿ ಬಿಗಿಯುತ್ತಿದ್ದ.

"ಅವತ್ತಿಂದ ಇಲ್ಲೇ ಸಾಗಿಸ್ತಿದ್ದೀರಾ? ಒಂದು ಮಾತು ಹೇಳಬಾರದಿತ್ತಾ? ನಾನು ನೀರಲ್ಲಿ ಹೆಪ್ಪುಗಟ್ಟಿಹೋದೆ!"

"ಹೇಳಿದ್ರೆ ನೀವು ಮನೆಗೆ ಹೋಗ್ತಿದ್ರಿ." ಅವನು ಸರಪಳಿಯಿಂದ ಕಣ್ಣೆತ್ತಲಿಲ್ಲ, ಕಿವಿ ಕೆಂಪಾಗಿತ್ತು. "ಇಲ್ಲಿಂದ ಕೆಳಗೆ ನೋಡಿದ್ರೆ ನೀವು ಕಾಣ್ತಿದ್ರಿ."

ಬೈಯಲು ಬಾಯಿ ತೆರೆದಳು. ಆದರೆ ತಿರುಗಿ ಕೆಳಗಿನ ಹಳ್ಳದ ಕಡೆ ನೋಡಿದಳು.

"ಕೆಲಸ ಮುಗೀತು. ನಾಳೆ ಕಣಿವೆ ದಾಟಿ ನಮ್ಮೂರಿಗೆ" ಎಂದ ಅವನು, ಮೆಲ್ಲಗೆ. "ನಮ್ಮ ಕಡೆನೂ ಕಾಡಿದೆ. ನೀವು ಬರೋದಾದ್ರೆ..."

"ಬರಲ್ಲ."

ಅವನ ಕೈ ಸರಪಳಿಯ ಮೇಲೆ ನಿಂತಿತು.

ರಫೀಲಾ ಹತ್ತಿರ ಹೋದಳು. "ಈ ಹಳ್ಳ ಬಿಟ್ಟು ನಾನೆಲ್ಲೂ ಬರಲ್ಲ, ನಿಕೋಡಿಮ್. ನಾನು ಬೇಕು ಅಂದ್ರೆ ನೀನೇ ಇಲ್ಲಿರು. ನನಗಂತೂ ನೀನು ಬೇಕು. ಈಗಲೇ ಹೇಳು."

ಅವಳು ಮೊದಲ ಸಲ 'ನೀನು' ಅಂದಿದ್ದಳು. ಅವನು ಸರಪಳಿ ಬಿಟ್ಟು ಕುದುರೆಯ ಕತ್ತು ತಟ್ಟುತ್ತ ಕೇಳಿದ:

"ನಿಮ್ಮ ಕೊಟ್ಟಿಗೇಲಿ ಎರಡು ಕುದುರೆಗೆ ಜಾಗ ಇದೆಯಾ?"