ನಡೆಸಿ ಎಂದರೆ

"ನಡೆಸಿ ಅಂತ ನೀವೇ ಹೇಳಿದ್ರಲ್ಲ ಡಾಕ್ಟ್ರೇ?"

ಯಶೋಧರಾಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಹೆದರಿಕೆಯಿತ್ತು.

ಅರಸೀಕೆರೆ ಸ್ಟೇಷನ್ನಿನಿಂದ ಬರುವಾಗ, ಮನೆ ಇನ್ನೇನು ಸಿಕ್ಕಿತು ಎನ್ನುವಲ್ಲಿ, ಅಪ್ಪನ ಜಟಕಾ ಕುದುರೆ ಚಂದ್ರಿ ನಿಂತುಬಿಟ್ಟಿತ್ತು. ಮುಂದಿನ ಎಡಗಾಲಿನ ಗೆಣ್ಣು ನೆಲಕ್ಕೆ ತಾಗಿ, ಗೊರಸಿನ ತುದಿ ಮೇಲಕ್ಕೆದ್ದಿತ್ತು. ಪ್ರಯಾಣಿಕರು ಟ್ರಂಕು ಇಳಿಸಿಕೊಂಡು ಆಟೊ ಹತ್ತಿ ಹೋಗಿದ್ದರು. ಅಪ್ಪ ಸಣ್ಣಯ್ಯ ಕುದುರೆಯ ಕುತ್ತಿಗೆಗೆ ಹಣೆಯಾನಿಸಿ ನಿಂತಿದ್ದ.

ಡಾಕ್ಟರ್ ಶರತ್ ಕುದುರೆಯ ಕಾಲು ಮುಟ್ಟಿ ನೋಡಿ ತಲೆಯೆತ್ತಿದ. "ಹಗ್ಗ ಹಿಡ್ಕೊಂಡು ನಿಧಾನಕ್ಕೆ ನಡೆಸಿ ಅಂದೆ. ಗಾಡಿ ನಡೆಸಿ ಅಂತಲ್ಲ, ಯಶೋಧರಾ."

ಇಷ್ಟು ದಿನ 'ಮೇಡಂ' ಎನ್ನುತ್ತಿದ್ದವನು ಮೊದಲ ಸಲ ಹೆಸರು ಹಿಡಿದು ಕರೆದಿದ್ದ. ಇಂಥ ಹೊತ್ತಿನಲ್ಲಿ.

ಜಟಕಾದವರ ಮನೆಯಲ್ಲಿ 'ನಡೆಸಿ' ಎಂಬ ಮಾತಿಗೆ ಒಂದೇ ಅರ್ಥ. ಅಪ್ಪ ನಡೆಸುತ್ತಿದ್ದುದು ಗಾಡಿ; ಅದರಿಂದ ನಡೆಯುತ್ತಿದ್ದುದು ಮನೆ.

ಬೇಸಿಗೆಯ ಮೊದಲಲ್ಲಿ ಚಂದ್ರಿಯ ಕಾಲು ಹಿಂಬದಿಯಲ್ಲಿ ಬಾಳೆಕಾಯಿಯಂತೆ ಬಾಗಿ ಊದಿತ್ತು. "ನಾಟಿ ವೈದ್ಯ ಕೆಂಚಯ್ಯನ ಕೈಲಿ ಬರೆ ಹಾಕ್ಸಿದ್ರೆ ಆಯ್ತದೆ" ಎಂದು ಅಪ್ಪ ಹಟ ಹಿಡಿದಾಗ ತಡೆದು, ದನದ ಆಸ್ಪತ್ರೆಯ ಹೊಸ ಡಾಕ್ಟರನ್ನು ಕರೆತಂದವಳು ಅವಳೇ.

"ದನದ ಡಾಕ್ಟ್ರಿಗೆ ಕುದುರೆ ನೋಡೋಕೆ ಬರುತ್ತಾ?" ಎಂದು ಅಂದು ಕೆಣಕಿದ್ದಳು.

"ಕೊಂಬಿರಲ್ಲ ಅನ್ನೋದಂತೂ ಗೊತ್ತು ಮೇಡಂ."

ಅವಳ ಬೆರಳು ಹಿಡಿದು ಊತದ ಮೇಲಿಟ್ಟಿದ್ದ. "ನೀವು ನರ ಅಂತೀರಲ್ಲ, ಅದು ಹಗ್ಗ ಇದ್ದಂಗೆ. ಟಾರು ರಸ್ತೆ, ಹೊರೆ, ಬೆಳೆದ ಗೊರಸು, ಎಲ್ಲಾ ಸೇರಿ ಎಳೆ ಹರಿಯುತ್ತೆ. ಬಿಸಿ ಇದೆ, ಗೊತ್ತಾಗ್ತಿದೆಯಾ?" ಬಿಸಿ ಯಾರದ್ದೆಂದು ಅವಳಿಗೆ ತಿಳಿಯಲಿಲ್ಲ.

ತಣ್ಣೀರು ಸುರಿದರು, ಪಟ್ಟಿ ಕಟ್ಟಿದರು, ಗಾಡಿ ಮೂಲೆ ಸೇರಿತು. ಅಗತ್ಯಕ್ಕಿಂತ ಹೆಚ್ಚು ಸಲ ಅವನು ಬಂದ. ಕಳೆದ ವಾರ, "ಕುಂಟು ಹೋಗಿದೆ, ದಿನಾ ಸ್ವಲ್ಪ ನಡೆಸಿ" ಎಂದಾಗ ಅವನ ಕಣ್ಣು ಅವಳ ಜಡೆಯ ಮಲ್ಲಿಗೆಯ ಮೇಲಿತ್ತು. ಹೇಗೆ, ಎಷ್ಟು ಎಂದು ಅವಳು ಕೇಳಬೇಕಿತ್ತು. ಕೇಳಿದ್ದರೆ ಆ ನೋಟ ಕಡಿದುಹೋಗುತ್ತಿತ್ತು. ಕೇಳಲಿಲ್ಲ. ಅಪ್ಪನಿಗೆ "ನಡೆಸಬೋದಂತೆ" ಎಂದಳು.

ಈಗ ಕೇಳಿದಳು: "ಏನು ಮಾಡೋದು? ಸುತ್ತಿ ಬಳಸಿ ಬೇಡ. ಬಿಡಿಸಿ ಹೇಳಿ."

"ನರ ಪೂರ್ತಿ ಹರಿದಿದೆ. ಇನ್ನು ಕೂಡಲ್ಲ. ಇಂಜೆಕ್ಷನ್ ಕೊಟ್ಟು ಸಾಯಿಸ್ಬೇಕು."

ಅಪ್ಪ ತಿರುಗಿದ. "ಕುಂಟ್ತಿರ್ಲಿಲ್ಲ ಕಣವ್ವಾ. ವಾಸಿ ಆಯ್ತು ಅನ್ಕಂಡೆ."

"ನೋವು ಹೋಗಿತ್ತು ಸಣ್ಣಯ್ಯನವ್ರೇ, ಗಾಯ ಮಾಗಿರ್ಲಿಲ್ಲ. ಅದನ್ನ ನಾನು ಹೇಳ್ಲಿಲ್ಲ. ತಪ್ಪು ನಂದು."

"ತಪ್ಪು ಕಟ್ಕಂಡು ಏನ್ ಮಾಡ್ಲಿ ಸ್ವಾಮಿ? ಅದ್ಕೆ ನೋವಾಗ್ದಂಗೆ ಮಾಡಿ."

ಚಂದ್ರಿಯ ಕಣ್ಣನ್ನು ಯಶೋಧರಾ ಅಂಗೈಯಿಂದ ಮುಚ್ಚಿದಳು. ಇಂಜೆಕ್ಷನ್ ಇಳಿದಂತೆ ಮೊದಲು ಕುದುರೆಯ ಮೊಣಕಾಲು ಮಡಿಯಿತು. ಆಮೇಲೆ ಇಡೀ ಮೈ ವಾಲಿತು. ರೆಪ್ಪೆ ಅವಳ ಅಂಗೈಯನ್ನು ಒಂದು ಸಲ ಸವರಿ ನಿಂತುಹೋಯಿತು.

ಪಕ್ಕದ ಮನೆಯ ಜಗಲಿಯಲ್ಲಿ ಅವಳು ಚೊಂಬಿನಿಂದ ನೀರು ಹಾಕಿದಳು, ಅವನು ಕೈ ತೊಳೆದ.

"ಇನ್ಮೇಲೆ ನಿಮ್ಮನೆಗೆ ಬರೋಕೆ ನಂಗೆ ಕಾರಣ ಇಲ್ಲ."

"ಅಂದ್ರೆ? ಬರಲ್ಲ ಅಂತಾನಾ, ಬೇರೆ ಕಾರಣ ಬೇಕು ಅಂತಾನಾ?"

ಅವನು ಅವಳನ್ನೇ ನೋಡಿದ. "ನೀವಂದ್ರೆ ಇಷ್ಟ. ನನ್ನ ಮದುವೆ ಆಗ್ತೀರಾ ಅಂತ ಕೇಳ್ತಿದೀನಿ. ಇದಕ್ಕೆ ಎರಡನೇ ಅರ್ಥ ಇಲ್ಲ."

ಅತ್ತ ಅಪ್ಪ ಸತ್ತ ಕುದುರೆಯ ಕೊರಳ ಗೆಜ್ಜೆ ಬಿಚ್ಚಲು ತಡಕಾಡುತ್ತಿದ್ದ. ಹೂಂ ಎನ್ನುವ ಮಾತು ಅವಳಲ್ಲಿ ಸಿದ್ಧವೇ ಇತ್ತು. ಈ ದಿನಕ್ಕೆ ಅದನ್ನು ಅಂಟಿಸಲು ಮನಸ್ಸಾಗಲಿಲ್ಲ.

"ನಾಳೆ ಬನ್ನಿ."

ಅವನ ಮುಖ ಇಳಿಯಿತು. ಅವಳ ಬೆನ್ನ ಹಿಂದಿನ ಬಾಗಿಲ ಮೇಲೆ, ದೆವ್ವ ಓದಿಕೊಂಡು ವಾಪಸ್ ಹೋಗಲೆಂದು ಆ ಮನೆಯವರು ಸುಣ್ಣದಲ್ಲಿ ಬರೆದ ಅಕ್ಷರಗಳಿದ್ದವು: ನಾಳೆ ಬಾ.

"ಆ ನಾಳೆನಾ?" ಎಂದ.

ಅಳುತ್ತಿದ್ದವಳ ತುಟಿ ಒಂದಿಷ್ಟು ಅಲುಗಿತು.

"ಅಲ್ಲ ಕಣ್ರೀ. ಬೆಳಗಾದ್ಮೇಲೆ ಬರೋ ನಾಳೆ. ಅಪ್ಪನ ಎದುರಿಗೆ ಕೂತು, ಈಗ ಹೇಳಿದ್ರಲ್ಲ, ಹಂಗೇ ಬಿಡಿಸಿ ಕೇಳಿ. ನಾನೂ ಬಿಡಿಸೇ ಹೇಳ್ತೀನಿ."

ಚೊಂಬನ್ನು ಅವನ ಕೈಗಿತ್ತು, ಗೆಜ್ಜೆ ಬಿಚ್ಚಲು ಅಪ್ಪನ ಬಳಿಗೆ ಹೋದಳು.