ಮೂರನೆಯ ತೆನೆ

ಅನೂಪ್ ಟಿಕೆಟು ಕೊಟ್ಟನೇ ಹೊರತು ಐರಿನಳ ಮುಖ ನೋಡಲಿಲ್ಲ. ಅವಳು ದಿನವೂ ಕುಂದಾಪುರದಿಂದ ಬ್ರಹ್ಮಾವರದ ತನ್ನ ಟೈಲರಿಂಗ್ ಅಂಗಡಿಗೆ ಹೋಗುವುದು ಅವನು ಕಂಡಕ್ಟರಾಗಿರುವ ಬಸ್ಸಿನಲ್ಲೇ. ಚಿಲ್ಲರೆಯ ಜೊತೆಗೆ ಒಂದು ನಗೆಯೂ ಸಿಗುವುದು ರೂಢಿ. ಇಂದು ಬರೀ ಚಿಲ್ಲರೆ.

"ಎಂತ, ಇವತ್ತ್ ಮಾತಿಲ್ಯಾ?"

"ಮಾತಾಡೂಕಾಗ ಅಂದ್ ಬೋರ್ಡ್ ಹಾಕಿದ್ದ್ ಕಾಣ್ಲಿಲ್ಯಾ?"

"ಅದ್ ಡ್ರೈವರ್ ಹತ್ರ ಮಾತಾಡೂಕಾಗ ಅಂದ್."

ಅವನ ತುಟಿ ಅಷ್ಟಿಷ್ಟು ಅರಳಿತು. ತಡೆಯಲು ನೋಡಿ ಸೋತು, ಕಿಟಕಿಯ ಕಡೆ ತಿರುಗಿಕೊಂಡ.

ಮುನಿಸಿಗೆ ಕಾರಣ ಅವಳಿಗೆ ಗೊತ್ತಿತ್ತು. ಹಿಂದಿನ ಭಾನುವಾರ ಇಗರ್ಜಿಯ ಅಂಗಳದಲ್ಲಿ ಅವನು ಮದುವೆಯ ಮಾತೆತ್ತಿದ್ದ. ಬಸ್ಸಿನ ಕೆಲಸ ಬಿಟ್ಟು ಬನ್ನಿ, ಆಮೇಲೆ ನೋಡುವ ಎಂದಿದ್ದಳು ಅವಳು. ಅವಳ ಗಂಡ ಡೆನ್ಜಿಲ್ ಇದೇ ಹೆದ್ದಾರಿಯಲ್ಲಿ, ಕೋಟದ ಹತ್ತಿರ, ಬೈಕ್ ಅಪಘಾತದಲ್ಲಿ ತೀರಿಕೊಂಡಿದ್ದ. ಇನ್ನೊಬ್ಬನನ್ನು ಅದೇ ರಸ್ತೆಗೆ ದಿನವೂ ಕಳಿಸಿಕೊಟ್ಟು ಕಾಯುವ ಧೈರ್ಯ ಅವಳಿಗಿರಲಿಲ್ಲ.

"ಬಸ್ ಬಿಡ್ತೆ ಅಂದ್ಕಣಿ," ಎಂದ ಅನೂಪ್ ಮೆಲ್ಲಗೆ. "ನಾಳೆ ಬಾವಿಕಟ್ಟಿ ಹತ್ರ ಜಾರಿ ಬಿದ್ರೆ? ನೀರ್ ಕುಡಿಯೂದೂ ಬಿಡ್ಕಾ?"

"ನಾಳೆ ಹಬ್ಬಕ್ಕೆ ಬೈಂದೂರಿಗ್ ಹೋತ್ರಿಯಾ?" ಎಂದು ಮಾತು ಬದಲಿಸಿದಳು.

"ಯಾರಿಗೋಸ್ಕರ ಹೋಪ್ದ್? ಅಮ್ಮ ಹೋದ್ಮೇಲೆ ಆ ಮನೀಗ್ ಬೀಗ. ಬೆಳಿಗ್ಗೆ ಇಲ್ಲೇ ಪೂಜೆಗೆ ಬಂದ್, ಹಾಂಗೇ ಡ್ಯೂಟಿಗ್ ಹೋತೆ. ಹೊಸ್ತ್ ಒಬ್ನೇ ಕೂತ್ ತಿಂಬ್ದಲ್ಲ."

ಮಾತೆ ಮರಿಯಮ್ಮನ ಜನ್ಮದಿನದಂದು ಹೊಸ ಭತ್ತದ ತೆನೆಗೆ ಪಾದ್ರಿಗಳು ಆಶೀರ್ವಾದ ಮಾಡುತ್ತಾರೆ. ಮನೆಯಲ್ಲಿ ಎಷ್ಟು ತಲೆಯೋ ಅಷ್ಟು ತೆನೆ. ಅದರ ಕಾಳನ್ನು ಅರೆದು ತೆಂಗಿನ ಹಾಲಿಗೆ ಬೆರೆಸಿ ಹಿರಿಯರು ಕೊಡುತ್ತಾರೆ. ಮನೆಯವರಷ್ಟೇ ತಿನ್ನುವ ಹೊಸತು ಅದು.

ಅಂದು ಸಂಜೆ ಜಪಮಾಲೆ ಮುಗಿದರೂ ಐರಿನ್ ಮೊಣಕಾಲೂರಿಯೇ ಇದ್ದಳು. ಮದುವೆಯ ಮಾತು ತಿಳಿದಿದ್ದ ಅತ್ತೆ ಸೆವ್ರಿನ್ ಬಾಯಿ ಹಿಂದಿನಿಂದ ಕೇಳಿದರು, "ಎಂತ ಬೇಡ್ತಿದ್ದೆ?"

"ಅನೂಪ್ರಿಗೆ ಎಂತದೂ ಆಪ್ದಿಲ್ಲೆ ಅಂದ್ ದೇವ್ರ್ ಒಂದ್ ಮಾತ್ ಕೊಡ್ಲಿ ಅಂದ್."

ಮುದುಕಿ ಜಪಮಾಲೆ ಮಡಚಿಟ್ಟು ಅವಳ ಪಕ್ಕ ಕೂತರು.

"ಗದ್ದಿ ಪೂರಾ ಇನ್ನೂ ನೀರಂಗ್ ನಿಂತಿತ್ತ್, ಮಗಾ. ಮಳಿ ಹೊಡಿತಾ, ಹಂದಿ ನುಗ್ತಾ, ಯಾರಿಗ್ ಗೊತ್ತಿತ್ತ್? ಆದ್ರೂ ಮೊದ್ಲ್ ತೆನಿ ಹಿಡ್ಕಂಡ್ ದೇವ್ರಿಗೆ ಉಪಕಾರ ಹೇಳೂಕ್ ಹೋತ್ ನಾವ್. ಕೊಯ್ಲ್ ಮುಗೀಲಿ, ಆಮೇಲ್ ಹೇಳುವ ಅಂದ್ ಯಾರಾರೂ ಕಾದಿದ್ರಾ?" ಅವರು ಗೋಡೆಯ ಮೇಲಿನ ಮಗನ ಪಟದ ಕಡೆ ನೋಡಿದರು. "ಡೆನ್ಜಿಲ್ ಹೋದದ್ದಕ್ಕೆ ದಿನಾ ಅಳ್ತೆ ನಾನ್. ಅವ ಹುಟ್ಟದಿದ್ರೇ ಒಳ್ಳೇದಿತ್ತ್ ಅಂದ್ ಒಂದ್ ದಿನಾನೂ ಅನ್ಕಣ್ಲಿಲ್ಲ."

ಐರಿನ್ ಪುನಃ ಕಣ್ಣು ಮುಚ್ಚಿದಳು. ಈ ಸಲ ಏನನ್ನೂ ಬೇಡಲಿಲ್ಲ. ನಾಳೆ ನಿನ್ನದು, ನಾನೂ ನಿನ್ನವಳು ಎಂದಷ್ಟೇ ಹೇಳಿದಳು. ಬಹು ಕಾಲದ ಮೇಲೆ ಅವಳ ಎದೆ ಹಗುರಾಯಿತು.

ಮರುದಿನ ಪೂಜೆ ಮುಗಿದ ಮೇಲೆ ತೆನೆ ಹಂಚುತ್ತಿದ್ದ ವಾರ್ಡಿನ ಮುಖಂಡರಾದ ಗುರ್ಕಾರರು ಕೇಳದೆಯೇ ಎರಡು ತೆನೆ ಮುಂದೆ ಹಿಡಿದರು. ಹಿಂದೆ, ಬಾಗಿಲ ಬಳಿ, ಖಾಕಿ ತೊಟ್ಟ ಅನೂಪ್ ಖಾಲಿ ಕೈಯಲ್ಲಿ ಹೊರಡಲು ತಿರುಗಿದ್ದ.

"ಮೂರ್ ಕೊಡಿ," ಎಂದಳು ಐರಿನ್, ಬಾಗಿಲಿಗೂ ಕೇಳುವಷ್ಟು ಗಟ್ಟಿಯಾಗಿ.

"ಮೂರಾ? ಮನೀಗ್ ಯಾರ್ ಬಂದಿದ್ರ್?"

"ಬಂದಿಲ್ಲೆ. ಇನ್ನ್ ಬಪ್ಪೂಕಿತ್ತ್."

ಸಾಲಿನ ಹೆಂಗಸರು ಬಾಗಿಲ ಕಡೆ ತಿರುಗಿ ನೋಡಿದರು. ಅನೂಪನ ಕಿವಿ ಕೆಂಪಾದದ್ದು ಅಷ್ಟು ದೂರದಿಂದಲೂ ಅವಳಿಗೆ ಕಂಡಿತು. ಅವಳು ತೆನೆ ಹಿಡಿದು ನೇರ ಅವನ ಬಳಿಗೇ ನಡೆದಳು.

"ಹಾಂಗಾರೆ ಬಸ್ ಬಿಡ್ಕಾ?" ಎಂದ.

"ಬ್ಯಾಡ. ಫುಟ್‌ಬೋರ್ಡ್ ಮೇಲೆ ನಿಲ್ಲೂದ್ ಬಿಡಿ, ಸಾಕ್."

"ಅದ್ ಕಂಡಕ್ಟರ್ ಜಾಗ ಮಾರಾಯ್ರೆ."

"ಒಳಗೆ ಜಾಗ ಇತ್ತ್, ಒಳಗೆ ಹೋಯ್ನಿ ಅಂದ್ ದಿನಾ ನಮ್ಗ್ ಬೊಬ್ಬೆ ಹೊಡೂದ್ ಯಾರ್?"

ಮನೆಯಲ್ಲಿ ಸೆವ್ರಿನ್ ಬಾಯಿ ಮೊದಲು ಅವನ ಹಣೆಗೆ ಶಿಲುಬೆಯ ಗುರುತು ಹಾಕಿದರು. ಮಗನಿಗೆ ಕೊಡುತ್ತಿದ್ದಂತೆ ಹೊಸತು ಕೊಟ್ಟು, ಸೆರಗಿನಿಂದ ಕಣ್ಣೊರೆಸಿಕೊಂಡು, "ಹಾಲ್ ಸಪ್ಪೆಯಾ?" ಎಂದರು. ಅವನು ಅಲ್ಲವೆಂದು ತಲೆಯಾಡಿಸಿದ.

ಅವನು ಡ್ಯೂಟಿಗೆ ಹೊರಟಾಗ ಐರಿನ್ ಗೇಟಿನವರೆಗೆ ಬಂದಳು. ಹೆದ್ದಾರಿಯ ಹಾರನ್ ಕೇಳಿ ಹಳೆಯ ಭಯವೂ ಬಂತು. ಅವಳು ಅದಕ್ಕೆ ಮಣೆ ಹಾಕಲಿಲ್ಲ.

"ಎಷ್ಟ್ ಹೊತ್ತಿಗ್ ಬತ್ರಿ?"

"ದೇವ್ರ್ ತಂದಷ್ಟ್ ಹೊತ್ತಿಗೆ."

"ಹಾಂಗಾರೆ ಊಟ ತೆಗ್ದಿಡ್ತೆ," ಎಂದು ಅವಳು ಒಳಗೆ ನಡೆದಳು.